ಸಂಪಿಗೆ ಗಾಡಿಯ ಹೀಟರ್

ರಾಗಿಣಿ ಮೇಡಂ ಮೂವತ್ತೊಂದು ವರ್ಷ ಐಟಿಐನಲ್ಲಿ ವೈರ್‌ಮನ್ ಟ್ರೇಡಿಗೆ ಪಾಠ ಹೇಳಿದವರು. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಯಾರ ಮನೆಯಲ್ಲಿ ಕರೆಂಟು ಕೈಕೊಟ್ಟರೂ ಏಣಿ ಹೊತ್ತುಕೊಂಡು ಬರುವ ನಾಲ್ವರಲ್ಲಿ ಒಬ್ಬ ಅವರಿಂದ ಬೈಸಿಕೊಂಡವನೇ ಆಗಿರುತ್ತಾನೆ. ಅವರಿಗೆ ಸಿಟ್ಟು ಬರಿಸುವುದು ಬಹಳ ಸುಲಭ. ‘ಮೇಡಂ, ಎಂಸಿಬಿ ಸುಮ್ಸುಮ್ನೆ ಟ್ರಿಪ್ ಆಗುತ್ತೆ’ ಎಂದರೆ ಸಾಕು. ‘ಸುಮ್ಸುಮ್ನೆ ನಿಮ್ಮಪ್ಪ ಬೈತಾನೇನೋ? ಏನೋ ಘನಂದಾರಿ ಕೆಲಸ ಮಾಡಿರ್ತೀಯ, ಅದಕ್ಕೇ ಬೈತಾನೆ’ ಎನ್ನುವುದು ಪ್ರತಿ ವರ್ಷದ ಮೊದಲ ಪಾಠ. ತಂತಿ ತಡೆಯುವುದಕ್ಕಿಂತ ಹೆಚ್ಚು ಕರೆಂಟು ಹರಿದರೆ ತಾನಾಗಿ ಕೆಳಗೆ ಬೀಳುವ ಆ ಪುಟ್ಟ ಸ್ವಿಚ್ಚು ಇರುವುದು ಹೀಟರನ್ನು ಕಾಯುವುದಕ್ಕಲ್ಲ, ಗೋಡೆಯೊಳಗಿನ ತಂತಿ ಕಾದು ಮನೆ ಸುಡದಂತೆ ಕಾಯುವುದಕ್ಕೆ ಎನ್ನುವುದು ಎರಡನೆಯ ಪಾಠ. ಅದು ಪದೇಪದೇ ಬೀಳುತ್ತದೆಂದು ಬೇಸತ್ತು ಅದಕ್ಕಿಂತ ದೊಡ್ಡದನ್ನು ತಂದು ಕೂರಿಸುವವನನ್ನು ಅವರು ಮೀಸೆ ಬಂದಿದ್ದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಊರಿಗೆ ಊರೇ ಮಾಡುವ ತಪ್ಪು ಅದು, ತನ್ನ ಕೈಕೆಳಗೆ ಕಲಿತವರಾದರೂ ಮಾಡಬಾರದು ಎನ್ನುವುದು ಅವರ ಹಟ.

ಇಂಥ ಅಕ್ಕನಿಗೆ ಒಬ್ಬನೇ ತಮ್ಮ, ಸುಧೀಂದ್ರ. ಹನ್ನೆರಡು ವರ್ಷ ಚಿಕ್ಕವನು. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು. ತಲೆಗೆ ಎಣ್ಣೆ ಹಚ್ಚಿದ್ದು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದು, ಸುಳ್ಳು ಹೇಳಿದಾಗ ಕಿವಿ ಹಿಂಡಿದ್ದು ಎಲ್ಲ ರಾಗಿಣಿಯೇ. ನಾಲ್ಕು ಜನರೆದುರು ಅವನು ‘ಇವಳು ನನಗೆ ಅಕ್ಕ ಅಲ್ಲ, ಅಮ್ಮ’ ಎಂದಾಗಲೆಲ್ಲ ಆಕೆ ‘ಸಾಕು ಸುಮ್ನಿರೋ’ ಎಂದು ಗದರಿ, ಒಳಗೆ ಹೋಗಿ ಅವನಿಗೆ ಇನ್ನೊಂದು ಹೋಳಿಗೆ ಹಾಕಿಕೊಂಡು ಬರುತ್ತಿದ್ದರು. ಹೊಗಳಿಕೆಗೆ ಕರಗದ ಹೆಂಗಸು ಈ ಒಂದು ಮಾತಿಗೆ ಮಾತ್ರ ತುಪ್ಪದ ಹಾಗೆ ಕರಗುತ್ತಿದ್ದರು, ಅದು ಅವನಿಗೂ ಗೊತ್ತಿತ್ತು.

ಸುಧೀಂದ್ರ ಹತ್ತಾರು ವ್ಯಾಪಾರಕ್ಕೆ ಕೈಹಾಕಿ ಕೊನೆಗೆ ಕೆಂಗೇರಿಯಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಕ್ಯಾಂಪರ್ ಟ್ರೇಲರ್ ಬಾಡಿಗೆಗೆ ಬಿಡುವ ಕೆಲಸ ಶುರುಮಾಡಿದ್ದ. ಕ್ಯಾಂಪರ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಚಕ್ರದ ಮೇಲಿನ ಒಂದು ಪುಟ್ಟ ಕೋಣೆ. ಒಳಗೆ ಎರಡು ಹಾಸಿಗೆ, ಸಿಂಕು, ಅಂಗೈಯಗಲದ ಅಡುಗೆಕಟ್ಟೆ. ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಯ ಕರೆಂಟಿಗೆ ಕೇಬಲ್ ಚುಚ್ಚಿದರೆ ದೀಪ ಉರಿಯುತ್ತದೆ. ಅವನ ಬಳಿ ಮೂರಿದ್ದವು. ಮಲ್ಲಿಗೆ, ಸಂಪಿಗೆ, ಸೇವಂತಿಗೆ ಎಂದು ಹೆಸರಿಟ್ಟಿದ್ದ. ಚಳಿಗಾಲದಲ್ಲಿ ಊಟಿಗೆ, ಚಿಕ್ಕಮಗಳೂರಿನ ಗುಡ್ಡಗಳಿಗೆ ಹೋಗುವವರು ಫೋನಿನಲ್ಲಿ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಹೀಟರ್ ಇದೆಯಾ, ಸೇಫಾ?

ಹೋದ ಗೌರಿ ಹಬ್ಬಕ್ಕೆ ತವರಿನ ಬಾಗಿನ ತಂದವನ ಕೈಯಲ್ಲಿ ಮೊರದ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲೂ ಇತ್ತು. 

‘ಅಕ್ಕ, ಹೀಟರ್ ಹೇಗೆ ಬಳಸ್ಬೇಕು ಅಂತ ನೀನೊಂದು ಹಾಳೆ ಬರ್ಕೊಡು. ಕೆಳಗೆ ನಿನ್ನ ಹೆಸರು ಹಾಕು. ಮೂರು ಗಾಡಿಯಲ್ಲೂ ಅಂಟಿಸ್ತೀನಿ. ನಾನು ಹೇಳಿದ್ರೆ ಯಾರು ನಂಬ್ತಾರೆ? ನೀನು ಹೇಳಿದ್ರೆ ನಂಬ್ತಾರೆ.’

‘ನೋಡದೇ ಬರೆಯಲ್ಲ ಕಣೋ,’ ಎಂದರು ರಾಗಿಣಿ.

ಮರುವಾರವೇ ಹೋಗಿ ನೋಡಿದರು. ಒಳಗಿನ ತಂತಿ ತೆಳ್ಳಗಿತ್ತು, ಒಂದೂವರೆ ಎಂಎಂ. ದೀಪಕ್ಕೆ, ಫೋನ್ ಚಾರ್ಜರಿಗೆ ಧಾರಾಳ, ಹೀಟರಿಗೆ ಅಷ್ಟಕ್ಕಷ್ಟೆ. ಅದೂ ಪ್ಲೈವುಡ್ಡಿನ ಹಿಂದೆ, ಚಳಿ ತಡೆಯಲೆಂದು ಒತ್ತಾಗಿ ತುಂಬಿದ ಥರ್ಮೋಕೋಲಿನ ನಡುವೆ. ಕಾದರೆ ಬಿಸಿ ಹೋಗಲು ದಾರಿಯೇ ಇಲ್ಲ. ಗೋಡೆ ಬಿಚ್ಚಿ ದಪ್ಪ ತಂತಿ ಎಳೆಸು ಎಂದರು. ಸೀಸನ್ ಮುಗಿಯುವ ತನಕ ಸಾಧ್ಯವಿಲ್ಲ ಎಂದು ಅವನು ಗೋಗರೆದ.

‘ಹಾಗಾದ್ರೆ ಎಂಸಿಬಿ ಹತ್ತು ಆಂಪಿಯರಿಂದು ಇರ್ಬೇಕು. ಹೀಟರ್ ಒಂದನೇ ನಂಬರಿನಲ್ಲಿ ಮಾತ್ರ. ಯಾರಾದ್ರೂ ಎರಡಕ್ಕೆ ತಿರುಗ್ಸಿ ಕೆಟಲ್ಲೂ ಹಾಕಿದ್ರೆ ಟ್ರಿಪ್ ಆಗುತ್ತೆ, ಆಗ್ಲಿ. ಅದನ್ನ ನೀನು ಮುಟ್ಟಿದ್ಯೋ, ನನ್ನ ಹೆಸರು ಅಲ್ಲಿರಬಾರ್ದು.’

‘ನಿನ್ನಾಣೆ ಅಕ್ಕ, ಮುಟ್ಟಲ್ಲ.’

ರಾಗಿಣಿ ಒಂದಿಡೀ ಮಧ್ಯಾಹ್ನ ಕೂತು ಹಾಳೆ ಬರೆದರು. ಕೆಳಗೆ ‘ಈ ಗಾಡಿಯ ವೈರಿಂಗ್ ನಾನೇ ನೋಡಿದ್ದೇನೆ’ ಎಂದು ಬರೆದು ಹೆಸರು ಹಾಕಿದರು. ನಿವೃತ್ತಿಯಾದ ಮೇಲೆ ತಮ್ಮ ಮಾತನ್ನು ಯಾರೋ ಗೋಡೆಗೆ ಅಂಟಿಸುತ್ತಾರೆಂಬುದು ಅವರಿಗೆ ಒಳಗೊಳಗೇ ಖುಷಿ ಕೊಟ್ಟಿತ್ತು. ಮಗಳು ಸಿಂಚನಾಗೆ ಅದರ ಫೋಟೋ ಕಳಿಸಿದ್ದೂ ಆಯಿತು.

ಡಿಸೆಂಬರಿನಲ್ಲಿ ಸುಧೀಂದ್ರನ ಫೋನ್ ಬಂತು. ಹಾಳೆ ಯಾರೂ ಓದುವುದಿಲ್ಲ, ಈಗೆಲ್ಲ ರೀಲ್ಸ್ ಕಾಲ, ಅಕ್ಕ ಬಂದು ಕ್ಯಾಮೆರಾ ಮುಂದೆ ಒಂದು ಐದು ನಿಮಿಷ ಹೇಳಿಬಿಡಬೇಕು ಎಂದ. ‘ಈ ಮುಖಕ್ಕೆ ರೀಲ್ಸ್ ಬೇರೆ ಕೇಡು’ ಎಂದು ನಕ್ಕರೂ ರಾಗಿಣಿ ಹಸಿರು ಮೈಸೂರು ಸಿಲ್ಕ್ ಉಟ್ಟು, ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದರು. ಶೆಡ್ಡಿನಲ್ಲಿ ಸಂಪಿಗೆ ಒಂದೇ ನಿಂತಿತ್ತು. ಮಲ್ಲಿಗೆ ಯಾರದೋ ಜೊತೆ ಊಟಿಗೆ ಹೋಗಿತ್ತು. ಸೇವಂತಿಗೆಯನ್ನು ಸಿಂಚನಾ ತೆಗೆದುಕೊಂಡು ಹೋಗಿ ಎರಡು ದಿನವಾಗಿತ್ತು. ಅವಳು, ಗಂಡ ಶಿವಕಿರಣ್, ನಾಲ್ಕು ವರ್ಷದ ಮಗ ಶ್ರೀಶ, ಮೂವರೂ ಊಟಿಯಲ್ಲೇ ಇದ್ದರು.

‘ಬೇಗ ಮುಗ್ಸೋಣ ಅಕ್ಕ. ಹನ್ನೆರಡಕ್ಕೆ ಈ ಗಾಡಿಗೆ ಪಾರ್ಟಿ ಬರ್ತಾರೆ,’ ಎಂದ ಸುಧೀಂದ್ರ. ಶೆಡ್ಡಿನ ಕರೆಂಟಿಗೆ ಸಂಪಿಗೆಯ ಕೇಬಲ್ ಚುಚ್ಚಿ, ಅಕ್ಕನನ್ನು ಅಡುಗೆಕಟ್ಟೆಯ ಪಕ್ಕ ನಿಲ್ಲಿಸಿ, ತಾನು ಬಾಗಿಲಲ್ಲಿ ಫೋನ್ ಹಿಡಿದ. ಬೆಳಕು ಒಳಗೆ ಬೀಳಲೆಂದು ಹೊರಗೆ ಒಂದು ಬಿಳಿ ಹಾಳೆ ಹಿಡಿದು ನಿಂತವನು ರುದ್ರೇಶ, ಗಾಡಿಗಳ ರಿಪೇರಿ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ರಾಣೆಬೆನ್ನೂರಿನ ಕಡೆಯವನು, ಹದಿನೈದು ವರ್ಷದ ಹಿಂದೆ ರಾಗಿಣಿಯ ಕ್ಲಾಸಿನಲ್ಲಿ ಕಲಿತು ಇಲ್ಲೇ ನಿಂತವನು.

ಮೊದಲು ನಾಲ್ಕು ಮಾತು ತೊದಲಿದರೂ ಆಮೇಲೆ ಮೇಡಂ ಕ್ಲಾಸಿಗೆ ಇಳಿದೇಬಿಟ್ಟರು. 

‘ನೋಡ್ರಪ್ಪ, ಹೀಟರನ್ನ ನೆಲದ ಮೇಲೇ ಇಡ್ಬೇಕು. ಹಾಸಿಗೆ ಮೇಲಲ್ಲ, ಸ್ಟೂಲ್ ಮೇಲಲ್ಲ. ಕರ್ಟನ್ನು, ರಗ್ಗು, ಬ್ಯಾಗು ಎಲ್ಲ ಮೂರಡಿ ದೂರ. ಇಷ್ಟು ಪುಟ್ಟ ಜಾಗದಲ್ಲಿ ಮೂರಡಿ ಎಲ್ಲಿ ಬರುತ್ತೆ ಅಂತ ಕೇಳಬೇಡಿ, ಬಾಗಿಲ ಹತ್ರ ಬರುತ್ತೆ, ನಾನೇ ಅಳೆದಿದ್ದೀನಿ. ಮಗೂ ಸಾಕ್ಸು ಒದ್ದೆ ಆಯ್ತು ಅಂತ ಹೀಟರ್ ಮೇಲೆ ಒಣಗಿಸೋ ಮಹಾತಾಯಂದಿರು ಇದ್ದಾರೆ, ದಯವಿಟ್ಟು ಬೇಡ. ಪ್ಲಗ್ ಸೀದಾ ಗೋಡೆಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸು ತರಬೇಡಿ. ಮಲಗೋಕೆ ಅರ್ಧ ಗಂಟೆ ಮುಂಚೆ ಹಾಕಿ, ಗಾಡಿ ಬೆಚ್ಚಗಾಗುತ್ತೆ. ಮಲಗೋವಾಗ ಆಫ್ ಮಾಡಿ, ರಗ್ಗು ಹೊದ್ಕೊಂಡು ಮಲಗಿ. ಹೊರಗೆ ಕಬಾಬ್ ಸುಟ್ಟ ಇದ್ದಿಲ ಒಲೆನ ಚಳಿ ಅಂತ ಒಳಗೆ ತಂದ್ರೋ, ಬೆಳಿಗ್ಗೆ ಏಳೋದೇ ಇಲ್ಲ.’

‘ಸೂಪರ್ ಅಕ್ಕ! ಸಾಕು, ಕಟ್ ಮಾಡ್ತೀನಿ.’

‘ಏ ಇರೋ, ಮುಖ್ಯವಾದ್ದೇ ಹೇಳಿಲ್ಲ. ಟ್ರಿಪ್ ಆಗೋದನ್ನ ತೋರಿಸ್ತೀನಿ.’

‘ಅದೆಲ್ಲ ಬೇಡ ಅಕ್ಕ. ಜನ ಹೆದರ್ತಾರೆ.’

‘ಹೆದರ್ಲಿ ಅಂತಾನೇ ತೋರಿಸ್ತಿರೋದು.’

‘ಟೈಮಿಲ್ಲ ಅಕ್ಕ, ಪಾರ್ಟಿ ಬಂದುಬಿಡ್ತಾರೆ.’

‘ಎರಡು ನಿಮಿಷದ ಕೆಲಸ. ಫೋನ್ ನೆಟ್ಟಗೆ ಹಿಡಿ,’ ಎಂದು ಮೇಡಂ ಹೀಟರನ್ನು ಎರಡನೇ ನಂಬರಿಗೆ ತಿರುಗಿಸಿದರು. ಕೆಟಲ್ಲಿಗೆ ನೀರು ತುಂಬಿ ಪಕ್ಕದ ಸಾಕೆಟ್ಟಿಗೆ ಹಾಕಿದರು. ಕ್ಯಾಮೆರಾ ನೋಡಿ, ‘ಈಗ ನೋಡ್ತಾ ಇರಿ. ಇದು ಎರಡೂ ಒಟ್ಟಿಗೆ ತಡೆಯೋ ತಂತಿ ಅಲ್ಲ. ನೀರು ಕುದಿಯೋದಕ್ಕೂ ಮುಂಚೆ ಎಂಸಿಬಿ ಟಕ್ ಅಂತ ಬೀಳುತ್ತೆ. ಬಿದ್ರೆ ಬೈಕೋಬೇಡಿ, ನಿಮ್ಮ ಪ್ರಾಣ ಉಳಿಸ್ತಾ ಇದೆ ಅಂತ ತಿಳ್ಕೊಳ್ಳಿ,’ ಎಂದರು.

ಎರಡು ನಿಮಿಷ ಕಳೆಯಿತು. ಹೀಟರ್ ಊದುತ್ತಲೇ ಇತ್ತು. ಮೂರಾಯಿತು. ಮೇಡಂ ಮುಖದ ಮೇಲಿನ ನಗುವನ್ನು ಕ್ಯಾಮೆರಾಕ್ಕಾಗಿ ಹಾಗೇ ಹಿಡಿದುಕೊಂಡು ಕಾದರು. ಕೆಟಲ್ಲಿನ ನೀರು ಸದ್ದು ಮಾಡತೊಡಗಿತು, ಕುದಿಯಿತು, ಕೆಟಲ್ ತಾನಾಗಿ ಆಫ್ ಆಯಿತು. ಮೇಡಂ ಅದನ್ನು ಮತ್ತೆ ಆನ್ ಮಾಡಿದರು. ಮತ್ತೆ ಕುದಿಯಿತು. ಎಂಸಿಬಿ ಬೀಳಲಿಲ್ಲ. ಬಾಗಿಲಲ್ಲಿ ಸುಧೀಂದ್ರನ ಫೋನು ನಿಧಾನವಾಗಿ ಕೆಳಗಿಳಿಯಿತು.

ರಾಗಿಣಿ ಪ್ಲಗ್ಗಿನ ಮೇಲೆ ಕೈಯ ಹಿಂಭಾಗ ಇಟ್ಟು ನೋಡಿದರು. ಚುರ್ರೆಂದಿತು. ಎರಡನ್ನೂ ಆಫ್ ಮಾಡಿ ಕಿತ್ತರು. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಎಂಸಿಬಿ ಡಬ್ಬಿಯ ಮುಚ್ಚಳ ತೆಗೆದು, ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ಓದಿದರು. ಹತ್ತು ಇರಬೇಕಾದ ಕಡೆ ಮೂವತ್ತೆರಡು ಎಂದಿತ್ತು. ತಂತಿ ಹಳೆಯದೇ, ಒಂದೂವರೆ ಎಂಎಂ. ಈ ತಂತಿ ಥರ್ಮೋಕೋಲಿನೊಳಗೆ ಸುಟ್ಟು ಕರಕಲಾದರೂ ಈ ಎಂಸಿಬಿ ಅಲುಗುವುದಿಲ್ಲ. ಡಬ್ಬಿಯ ಕೆಳಗೇ ಅವರದೇ ಹಾಳೆ, ಲ್ಯಾಮಿನೇಷನ್ ಮಾಡಿಸಿ ಅಂಟಿಸಿದ್ದು, ಅವರದೇ ಹೆಸರು.

‘ರುದ್ರೇಶ,’ ಎಂದರು ಮೇಡಂ. ದನಿ ಏರಲಿಲ್ಲ, ಅದಕ್ಕೇ ರುದ್ರೇಶ ಹೆದರಿದ. ‘ಇದನ್ನ ಹಾಕಿದ್ದು ಯಾರು?’

‘ನಾನ ಹಾಕೀನ್ರೀ ಮೇಡಂ.’

‘ನನ್ನ ಕ್ಲಾಸಿನಲ್ಲಿ ಕೂತು ಕಲಿತೋನು ನೀನು. ಕೈ ಹೇಗೆ ಬಂತೋ?’

ರುದ್ರೇಶ ತಬ್ಬಿಬ್ಬಾಗಿ ಸುಧೀಂದ್ರನ ಕಡೆ ನೋಡಿದ. ‘ನಾ ಬ್ಯಾಡ ಅಂದೆ ರೀ. ತಂತಿ ಸಣ್ಣದೈತಿ ಅಂತ ಎರಡು ಸಲ ಹೇಳಿದೆ. ಸಾಹೇಬ್ರು, ನಿಮ್ಮ ಮೇಡಂಗೆ ಕೇಳೀನಿ, ಅವ್ರ ಹಾಕು ಅಂದಾರ ಅಂದ್ರು. ನೀವ ಅಂದೀರಂದ ಮ್ಯಾಲ ನಾ ಏನ್ ಮಾತಾಡ್ಲಿ ಮೇಡಂ? ಮೂರೂ ಗಾಡಿಗೆ ಹಾಕಿದೆ.’

ಮೂರೂ ಗಾಡಿಗೆ. ರಾಗಿಣಿಗೆ ಆ ಕ್ಷಣ ತಮ್ಮನೂ ಕಾಣಲಿಲ್ಲ, ರುದ್ರೇಶನೂ ಕಾಣಲಿಲ್ಲ. ಕಂಡದ್ದು ಹಾಸಿಗೆಯ ಮೇಲೆ ಬಾಯಿ ತೆರೆದು ಮಲಗುವ ಶ್ರೀಶ. ಫೋನಿನ ಲಾಕ್ ಎರಡು ಸಲ ತಪ್ಪಿತು. ಸಿಂಚನಾಳ ಫೋನು ಹೋಗಲಿಲ್ಲ. ಶಿವಕಿರಣನದೂ ಹೋಗಲಿಲ್ಲ. ಮತ್ತೆ ಸಿಂಚನಾಗೆ ಮಾಡಿದರು. ‘ಅಕ್ಕ, ಒಂದ್ನಿಮಿಷ ನನ್ನ ಮಾತು ಕೇಳು’ ಎಂದು ಸುಧೀಂದ್ರ ಹತ್ತಿರ ಬಂದ. ‘ಬಾಯಿ ಮುಚ್ಚು’ ಎಂದರು. ನಾಲ್ಕನೆಯ ಸಲ ರಿಂಗಾಯಿತು.

‘ಅಮ್ಮಾ, ನಾನೇ ಮಾಡ್ಬೇಕು ಅಂತಿದ್ದೆ,’ ಎಂದಳು ಸಿಂಚನಾ. ‘ನಿನ್ನ ಹೀಟರ್ ಸಹವಾಸ ಸಾಕಾಗೋಯ್ತು ಕಣಮ್ಮ. ನಿನ್ನೆಯಿಂದ ನಾಲ್ಕು ಸಲ ಟ್ರಿಪ್ ಆಯ್ತು. ಎರಡಕ್ಕೆ ಇಟ್ಟು ಶ್ರೀಶನಿಗೆ ಹಾಲು ಕಾಯಿಸೋಣ ಅಂದ್ರೆ ಟಕ್. ಇವರು ಬೈಕೊಂಡು ಬೈಕೊಂಡು ಎದ್ದು ಹಾಕ್ತಾರೆ.’

ರಾಗಿಣಿ ಹಾಸಿಗೆಯ ಅಂಚಿನಲ್ಲಿ ಕೂತರು. ಕಣ್ಣಲ್ಲಿ ನೀರು ಬಂತು. ‘ಟ್ರಿಪ್ ಆಗ್ತಾ ಇದೆಯಾ? ಆಗ್ಲಿ ಕಣೇ, ಆಗ್ಲಿ,’ ಎಂದರು.

‘ಆಗ್ಲಿ ಅಂತೀಯಲ್ಲ! ನಮ್ಮ ಪಕ್ಕದಲ್ಲೇ ಮಲ್ಲಿಗೆ ನಿಂತಿದೆ. ಯಾರೋ ಜಯನಗರದವರು. ಅವರು ದಿನವಿಡೀ ಎರಡರಲ್ಲಿ ಓಡಿಸ್ತಾರೆ, ಅಡುಗೇನೂ ಮಾಡ್ತಾರೆ, ಒಂದ್ಸಲಾನೂ ಬಿದ್ದಿಲ್ವಂತೆ. ನಮಗೆ ಮಾತ್ರ ಯಾಕಮ್ಮ ಹೀಗೆ?’

ರಾಗಿಣಿ ಕಣ್ಣೊರೆಸಿಕೊಂಡರು. ಆಮೇಲೆ, ‘ಸಿಂಚು, ಫೋನ್ ಇಟ್ಟು ಈಗ್ಲೇ ಅವರ ಹತ್ರ ಓಡು. ಹೀಟರ್ ಪ್ಲಗ್ ಕೀಳಿಸು. ಮತ್ತೆ ಹಾಕಲೇಬಾರ್ದು ಅಂತ ಹೇಳು. ನಮ್ಮಮ್ಮ ಹೇಳಿದಾಳೆ, ಗೋಡೆ ಮೇಲಿನ ಹಾಳೇಲಿ ಹೆಸರಿರೋಳು ಅವಳೇ ಅಂತ ಹೇಳು. ಆಮೇಲೆ ಎಲ್ಲ ಹೇಳ್ತೀನಿ, ಹೋಗು,’ ಎಂದರು.

ಫೋನ್ ಇಟ್ಟ ಮೇಲೆ ರುದ್ರೇಶನೇ ಮೆಲ್ಲಗೆ ಬಾಯಿಬಿಟ್ಟ. ‘ಸೇವಂತಿಗೀದು ಮೊನ್ನೆ ಬಿಚ್ಚಿಸಿದ್ರು ರೀ ಮೇಡಂ. ಅದಕ್ಕಷ್ಟ ಮತ್ತ ಹತ್ತರದ್ದು ಹಾಕು ಅಂದ್ರು. ಯಾಕಂತ ನನಗ ಆಗ ತಿಳೀಲಿಲ್ಲ.’

ಸುಧೀಂದ್ರನ ಮುಖದಲ್ಲಿ ಆಗ ಕಂಡದ್ದು ನಾಚಿಕೆಯಲ್ಲ, ಸಮಾಧಾನ. ಅದೇ ರಾಗಿಣಿಯನ್ನು ಇರಿದದ್ದು. 

‘ಈಗಲಾದ್ರೂ ನಂಬ್ತೀಯಾ?’ ಎಂದ ಅವನು. ‘ನಾನೇನು ಅಷ್ಟು ಕೆಟ್ಟೋನಾ ಅಕ್ಕ? ಸಿಂಚು ಹೋಗ್ತಾಳೆ, ಮಗು ಇದೆ ಅಂತ ಗೊತ್ತಾದ ತಕ್ಷಣ ನಾನೇ ನಿಂತು ಬದಲಾಯಿಸ್ದೆ. ನಮ್ಮವರ ವಿಷಯದಲ್ಲಿ ನಾನು ರಿಸ್ಕ್ ತಗೋತೀನಾ?’

‘ಹಾಗಾದ್ರೆ ನಿಂಗೆ ಗೊತ್ತಿತ್ತು.’

‘ಏನು?’

‘ಮೂವತ್ತೆರಡು ಹಾಕಿದ್ರೆ ಏನಾಗುತ್ತೆ ಅಂತ. ಮರೆತು ಹಾಕ್ಲಿಲ್ಲ, ತಿಳೀದೇ ಹಾಕ್ಲಿಲ್ಲ. ಗೊತ್ತಿದ್ದೇ ಹಾಕ್ದೆ.’

‘ಅಕ್ಕ, ದಿನಾ ಫೋನು. ಟ್ರಿಪ್ ಆಯ್ತು ಸಾರ್, ಚಳಿ ಸಾರ್, ಒಂದು ಸ್ಟಾರ್ ಕೊಡ್ತೀವಿ ಸಾರ್. ನಾನೇನು ಮಾಡ್ಲಿ? ಎರಡು ತಿಂಗಳಾಯ್ತು, ಯಾರಿಗೂ ಏನೂ ಆಗಿಲ್ಲ. ಸೀಸನ್ ಮುಗೀಲಿ, ಗೋಡೆ ಬಿಚ್ಚಿಸಿಯೇ ಬಿಚ್ಚಿಸ್ತೀನಿ.’

‘ಅಲ್ಲೀವರೆಗೂ ನನ್ನ ಹೆಸರು ಇದ್ರ ಕೆಳಗೆ ಇರ್ಬೇಕಾ?’

‘ನಿನ್ನ ಮಗಳು ಕ್ಷೇಮವಾಗಿದ್ದಾಳಲ್ಲ ಅಕ್ಕ. ಇನ್ನೇನು?’

ಇವನು ಹೆಡ್ಡತನದಿಂದ ಮಾಡಿದ್ದರೆ ಬೈದು ಮುಗಿಸಬಹುದಿತ್ತು, ಜೀವಮಾನವಿಡೀ ರಾಗಿಣಿ ಬೈದದ್ದು ಹೆಡ್ಡರನ್ನೇ. ಆದರೆ ಇವನು ಅವರ ಪಾಠವನ್ನು ಚೆನ್ನಾಗಿ ಕಲಿತಿದ್ದ. ಕಲಿತದ್ದನ್ನು ಸ್ವಂತ ಅಕ್ಕನ ಮಗಳಿಗೆ ಒಂದು, ಮಂದಿಯ ಮಕ್ಕಳಿಗೆ ಇನ್ನೊಂದು ಎಂದು ಹಂಚಿಟ್ಟಿದ್ದ. ಅಪರಿಚಿತರು ನಂಬಲಿ ಎಂದು ಅಕ್ಕನ ಹೆಸರು ಅಂಟಿಸಿದ್ದ, ಬೇಡವೆಂದ ರುದ್ರೇಶನ ಬಾಯಿ ಮುಚ್ಚಿಸಲೂ ಅದೇ ಹೆಸರು ಹೇಳಿದ್ದ. ತನ್ನ ಕೈಯಲ್ಲಿ ಬೆಳೆದವನು ತನಗೇ ಮೋಸ ಮಾಡಿದನಲ್ಲ ಎಂದು ಹೊಟ್ಟೆ ಉರಿಯಿತು. ಮಗಳನ್ನು ಉಳಿಸಿದ್ದಾನೆ, ಅದಕ್ಕೆ ಕೃತಜ್ಞತೆ ಬೇರೆ ಹೇಳಬೇಕೆಂದು ಕಾಯುತ್ತ ನಿಂತಿದ್ದಾನಲ್ಲ ಎಂದು ಅದಕ್ಕಿಂತ ಹೆಚ್ಚು ಉರಿಯಿತು. ಆ ಹುಡುಗನ ಜ್ವರದ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಹೊರಗೆ ಕಾರಿನ ಹಾರನ್ ಕೇಳಿಸಿತು. ಪಾರ್ಟಿ ಬಂದಿದ್ದರು. ಗೋವಿಂದರಾಜನಗರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ಬಸವಲಿಂಗಪ್ಪ, ಅವನ ಹೆಂಡತಿ, ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದ ಮಗಳು, ಕೋಲೂರಿಕೊಂಡು ಇಳಿದ ಅವನ ತಾಯಿ. ತಾಯಿಯ ಹೆಸರು ಪುಟ್ಟಲಕ್ಷ್ಮಿ. ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಮಫ್ಲರ್ ಸುತ್ತಿದ್ದ ಆ ಅಜ್ಜಿ ಕೆಂಗೇರಿಯ ಬಿಸಿಲಿನಲ್ಲೇ ಚಿಕ್ಕಮಗಳೂರಿನ ಚಳಿಗೆ ತಯಾರಾಗಿ ಬಂದಿದ್ದರು.

‘ಅಕ್ಕ,’ ಎಂದು ಸುಧೀಂದ್ರ ಪಿಸುಗುಟ್ಟಿದ. ‘ಇವತ್ತೊಂದಿನ. ನನ್ನ ಮರ್ಯಾದೆ ಉಳಿಸು. ಒಂದರಲ್ಲೇ ಇಟ್ಕೊಳ್ಳಿ ಅಂತ ನಾನೇ ಅವರಿಗೆ ಹೇಳ್ತೀನಿ. ಅಮ್ಮನ್ನ ಕೇಳೋ ಹಾಗೆ ಕೇಳ್ತಾ ಇದೀನಿ ಕಣೇ.’

ರಾಗಿಣಿ ಅವನ ಮುಖ ನೋಡಿದರು. ಈ ಸಲ ಆ ಮಾತಿಗೆ ಒಳಗೆ ಏನೂ ಕರಗಲಿಲ್ಲ.

ಬಸವಲಿಂಗಪ್ಪ ಗಾಡಿಯೊಳಗೆ ತಲೆ ಹಾಕಿ, ಗೋಡೆಯ ಹಾಳೆ ನೋಡಿ, ಹಸಿರು ಸೀರೆಯ ಹೆಂಗಸನ್ನು ನೋಡಿದ. ‘ಮೇಡಂ, ನೀವೇನಾ ಇದನ್ನ ಬರೆದಿರೋರು? ವೆಬ್‌ಸೈಟಲ್ಲಿ ನಿಮ್ಮ ಹೆಸರು ನೋಡೇ ಬುಕ್ ಮಾಡಿದ್ದು ನಾವು. ನಮ್ಮಮ್ಮಂಗೆ ಮಂಡಿನೋವು, ಹೀಟರ್ ಇಲ್ದೆ ಆಗಲ್ಲ. ರಾತ್ರಿಯೆಲ್ಲ ಹಾಕ್ಕೊಂಡಿದ್ರೂ ಏನೂ ಆಗಲ್ವಂತೆ, ಸಾರ್ ಹೇಳಿದ್ರು. ಸೇಫ್ ಅಲ್ವಾ ಮೇಡಂ?’

ರಾತ್ರಿಯೆಲ್ಲ. ಅದನ್ನೂ ಹೇಳಿದ್ದನಾ? ರಾಗಿಣಿ ಎದ್ದು ನಿಂತರು. ಸುಧೀಂದ್ರ ಅವರ ಕಣ್ಣನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಶಾಲೆಯಿಂದ ದೂರು ಬಂದ ದಿನ, ಅಪ್ಪನೆದುರು ಹೇಳಬೇಡ ಎಂದು ಹೀಗೇ ನೋಡುತ್ತಿದ್ದ. ಆಗೆಲ್ಲ ಅವರು ಹೇಳುತ್ತಿರಲಿಲ್ಲ.

‘ಇಲ್ಲಪ್ಪ,’ ಎಂದರು. ‘ಸೇಫ್ ಅಲ್ಲ. ಈ ಗಾಡಿಯ ತಂತಿಗೆ ಈ ಹೀಟರ್ ತಡೆಯೋ ಶಕ್ತಿ ಇಲ್ಲ. ಕಾದ್ರೆ ತಡೆಯೋಕೆ ಒಂದು ಕಾವಲಿತ್ತು, ಅದನ್ನೂ ತೆಗೆದಿದ್ದಾರೆ. ಒಳಗೆ ಮಲಗಿದ್ದಾಗ ಗೋಡೆಗೆ ಬೆಂಕಿ ಹತ್ತಬಹುದು. ನಿಮ್ಮಮ್ಮನ್ನ, ಮಗೂನ ಇದರಲ್ಲಿ ಮಲಗಿಸ್ಬೇಡಿ.’

ಬಸವಲಿಂಗಪ್ಪ ಮಗಳನ್ನು ಹೆಗಲಿಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಅಜ್ಜಿ ಮಾತ್ರ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು, ಕಣ್ಣು ಕಿರಿದು ಮಾಡಿ ಗೋಡೆಯ ಹಾಳೆಯನ್ನೂ ಹೆಸರನ್ನೂ ನೋಡಿದರು. ಅವರಿಗೆ ಸಿಟ್ಟೇನೂ ಬಂದಂತಿರಲಿಲ್ಲ, ಅರ್ಥವಾಗಿರಲಿಲ್ಲ ಅಷ್ಟೆ.

‘ಅಲ್ಲ ತಾಯಿ,’ ಎಂದರು. ‘ಹಂಗಾದ್ರೆ ನೀವ್ಯಾಕೆ ಇದ್ರ ಮೇಲೆ ನಿಮ್ಮೆಸ್ರು ಹಾಕಿದ್ರಿ?’

ಸುಧೀಂದ್ರ ತಲೆ ತಗ್ಗಿಸಿದ. ರುದ್ರೇಶ ಇನ್ನೂ ಬಿಳಿ ಹಾಳೆಯನ್ನು ಹಿಡಿದುಕೊಂಡೇ ನಿಂತಿದ್ದ. ರಾಗಿಣಿ ಮೇಡಂ ಅಜ್ಜಿಯ ಕೈ ಹಿಡಿದು ಗಾಡಿಯ ಮೆಟ್ಟಿಲಿನಿಂದ ಜೋಪಾನವಾಗಿ ಕೆಳಗಿಳಿಸಿದರು.

‘ನನ್ನ ತಮ್ಮ ಕೇಳ್ದ ಅಮ್ಮಾ,’ ಎಂದರು. ‘ಅದಕ್ಕೇ ಹಾಕ್ದೆ.’